ಬರ ನಿಮ್ಮ ಹೊಲದಲ್ಲಿ, ಕಡತ ಯಾರ ಮೇಜಿನ ಮೇಲೆ?

ಪ್ರಶ್ನೆ: ನಾನು ಹಿರಿಯೂರು ತಾಲೂಕಿನ ರೈತ. ನಾಲ್ಕು ಎಕರೆ ಮಳೆಯಾಶ್ರಿತ ಜಮೀನು. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು, ಊರಿಗೆ ಊರೇ ನೋಡಲು ಹೋಗಿದ್ದೆವು. ಮರುವರ್ಷವೇ ಬರ. ಶೇಂಗಾ ಪೂರ್ತಿ ಕೈಕೊಟ್ಟಿತು. ಪರಿಹಾರ ಕೇಳಲು ಹೋದರೆ ಒಂದು ಕಚೇರಿಯವರು ಇನ್ನೊಂದು ಕಚೇರಿ ತೋರಿಸಿದರು, ಅಲ್ಲಿಯವರು ಬೆಂಗಳೂರು ತೋರಿಸಿದರು, ಬೆಂಗಳೂರಿನವರು ದೆಹಲಿ ತೋರಿಸುತ್ತಾರಂತೆ. ಎಲ್ಲರೂ ಹೇಳುವುದು ಒಂದೇ, 'ಇದು ಹವಾಮಾನ ಬದಲಾವಣೆ'. ಹಾಗಾದರೆ ನಮ್ಮ ದೇಶದಲ್ಲಿ ಅದಕ್ಕೆ ಹೊಣೆ ಯಾರು? ಒಂದು ಕಾನೂನು, ಒಂದು ಇಲಾಖೆ ಇಲ್ಲವೇ? ನಮ್ಮಂಥ ದೇಶಕ್ಕೆ ಇದನ್ನೆಲ್ಲ ನಿಭಾಯಿಸುವ ಶಕ್ತಿ ಇದೆಯೇ?

ಉತ್ತರ: ಕಾನೂನು ಇದೆಯೇ ಅನ್ನುವುದಕ್ಕೆ ಉತ್ತರ ಒಂದೇ ಪದ: ಇಲ್ಲ. ಇಲಾಖೆ ಇದೆಯೇ ಅಂದರೆ, ಹೆಸರಿಗೆ ಇದೆ. ಹೊಣೆ ಯಾರದು ಅನ್ನುವುದಕ್ಕೆ ಮಾತ್ರ ಸ್ವಲ್ಪ ಸುತ್ತಾಡಬೇಕು. ನೀವು ಕಚೇರಿಯಿಂದ ಕಚೇರಿಗೆ ಅಲೆದಿರಲ್ಲ, ಹಾಗೇ.

ಮೊದಲು ಆ ಹೆಸರಿನ ಇಲಾಖೆಯನ್ನೇ ನೋಡೋಣ. ದೆಹಲಿಯ ಪರಿಸರ ಮತ್ತು ಅರಣ್ಯ ಸಚಿವಾಲಯದ ಬೋರ್ಡಿಗೆ 2014ರ ಮೇ ತಿಂಗಳಲ್ಲಿ 'ಹವಾಮಾನ ಬದಲಾವಣೆ' ಅನ್ನುವುದೂ ಸೇರಿಕೊಂಡಿತು. ವಿಶ್ವಸಂಸ್ಥೆಯ ಸಭೆಗಳಿಗೆ ಹೋಗುವುದು, ದೇಶದ ಪರವಾಗಿ ಮಾತು ಕೊಡುವುದು, ವರದಿ ಸಲ್ಲಿಸುವುದು ಅವರ ಕೆಲಸ. ಆದರೆ ನಿಮ್ಮ ಶೇಂಗಾ ಹೊಲದ ಮಟ್ಟಿಗೆ ಆ ಸಚಿವಾಲಯ ತೀರ್ಮಾನ ಮಾಡುವುದು ಬಹುತೇಕ ಏನೂ ಇಲ್ಲ. ಬರ ಅಂದರೆ ಏನು ಅಂತ ಬರೆದಿಡುವುದು ಕೇಂದ್ರ ಕೃಷಿ ಸಚಿವಾಲಯ. ಕೇಂದ್ರದಿಂದ ಬರುವ ಬರದ ದುಡ್ಡಿಗೆ ಒಪ್ಪಿಗೆ ಸಿಗುವುದು ಗೃಹ ಸಚಿವರ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿಯಲ್ಲಿ. ಮಳೆ ಅಳೆಯುವವರು ಯಲಹಂಕದ ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರದಲ್ಲಿದ್ದಾರೆ. ಬೆಳೆ ಹಾನಿ ಬರೆದುಕೊಳ್ಳುವವರು ನಿಮ್ಮ ಊರಿನ ಗ್ರಾಮ ಆಡಳಿತಾಧಿಕಾರಿ. ಈ ನಾಲ್ವರಲ್ಲಿ ಯಾರ ಹುದ್ದೆಯ ಹೆಸರಿನಲ್ಲೂ ಹವಾಮಾನ ಬದಲಾವಣೆ ಅನ್ನುವ ಪದ ಇಲ್ಲ. ಆದರೆ ನಿಮ್ಮ ಪಾಲಿಗೆ ಹವಾಮಾನ ಬದಲಾವಣೆಯನ್ನು ಆಳುತ್ತಿರುವವರು ಇವರೇ.

ಇದನ್ನು ನಾನು ಬಹಳ ತಡವಾಗಿ ಕಲಿತೆ. ವರ್ಷಗಟ್ಟಲೆ ಯೋಜನಾ ಪುಸ್ತಕಗಳನ್ನು ಓದಿ, ಅವುಗಳ ಮೇಲೆ ಟಿಪ್ಪಣಿ ಬರೆದೆ. ಆಮೇಲೆ ಒಮ್ಮೆ ಒಂದು ಜಿಲ್ಲಾ ಕಚೇರಿಗೆ ಹೋಗಿ, ಹವಾಮಾನ ಬದಲಾವಣೆಯ ರಾಜ್ಯ ಕ್ರಿಯಾ ಯೋಜನೆಯಲ್ಲಿ ನಿಮ್ಮ ಜಿಲ್ಲೆಗೆ ಹೇಳಿರುವುದು ಎಷ್ಟು ಜಾರಿಯಾಗಿದೆ ಅಂತ ಕೇಳಿದೆ. ಅಲ್ಲಿದ್ದವರು ತುಂಬಾ ಒಳ್ಳೆಯವರು. ಟೀ ತರಿಸಿದರು. 'ಸರ್, ಅದರ ಒಂದು ಪ್ರತಿ ನಮಗೂ ಕೊಡ್ತೀರಾ?' ಅಂದರು.

ಈಗ 2023ರ ಬರವನ್ನೇ ತೆಗೆದುಕೊಳ್ಳೋಣ. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಸುಮಾರು 48 ಲಕ್ಷ ಹೆಕ್ಟೇರ್ ಬೆಳೆ ಹಾಳಾಯಿತು ಅಂತ ರಾಜ್ಯ ಲೆಕ್ಕ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಘೋಷಣೆ ಶುರುವಾಯಿತು, ದೆಹಲಿಗೆ ಮನವಿ ಹೋಯಿತು. ಅಕ್ಟೋಬರ್‌ನಲ್ಲಿ ಕೇಂದ್ರದ ತಂಡ ಬಂದು ಹೊಲ ನೋಡಿಕೊಂಡು ಹೋಯಿತು. ಆಮೇಲೆ ದುಡ್ಡು ಬರಲಿಲ್ಲ. ರಾಜ್ಯ ಸರ್ಕಾರ ಜನವರಿಯಲ್ಲಿ ತನ್ನ ಕಡೆಯಿಂದ ಒಬ್ಬ ರೈತನಿಗೆ 2,000 ರೂಪಾಯಿಯವರೆಗೆ ಮೊದಲ ಕಂತು ಅಂತ ಕೊಡಲು ಶುರು ಮಾಡಿತು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಕೇಳಿದ್ದು 18 ಸಾವಿರ ಕೋಟಿಗೂ ಜಾಸ್ತಿ. ಏಪ್ರಿಲ್ ಕೊನೆಯಲ್ಲಿ ಬಿಡುಗಡೆಯಾದದ್ದು ಸುಮಾರು 3,450 ಕೋಟಿ. ಅಷ್ಟರಲ್ಲಿ ಮುಂದಿನ ಮುಂಗಾರು ಬಾಗಿಲಿಗೆ ಬಂದಿತ್ತು.

ಇದರಲ್ಲಿ ರಾಜಕೀಯ ಎಷ್ಟು, ನಿಯಮ ಎಷ್ಟು ಅಂತ ಪತ್ರಿಕೆಗಳಲ್ಲಿ ಸಾಕಷ್ಟು ಜಗಳ ಆಯಿತು. ನನಗೆ ಅದಕ್ಕಿಂತ ನಿಯಮದ ಪುಸ್ತಕವೇ ಮುಖ್ಯ, ಯಾಕಂದರೆ ಸರ್ಕಾರಗಳು ಬದಲಾಗುತ್ತವೆ, ಪುಸ್ತಕ ಉಳಿಯುತ್ತದೆ. ಬರ ನಿರ್ವಹಣೆಯ ಕೈಪಿಡಿಯನ್ನು ಕೇಂದ್ರ 2016ರ ಕೊನೆಯಲ್ಲಿ ಪರಿಷ್ಕರಿಸಿತು. ಅದರ ಪ್ರಕಾರ ಮೊದಲು ಮಳೆ ಕೊರತೆ ಇಲ್ಲವೇ ವಾರಗಟ್ಟಲೆ ಒಣಹವೆ ಕಾಣಿಸಬೇಕು. ಆಮೇಲೆ ಬಿತ್ತನೆ ಎಷ್ಟಾಗಿದೆ, ಉಪಗ್ರಹದಿಂದ ನೋಡಿದರೆ ಹಸಿರು ಎಷ್ಟಿದೆ, ಮಣ್ಣಿನಲ್ಲಿ ತೇವ ಎಷ್ಟು, ಕೆರೆ-ಅಣೆಕಟ್ಟು-ಅಂತರ್ಜಲ ಎಷ್ಟು ಅಂತ ತಾಳೆ ಹಾಕಬೇಕು. ಅದೂ ಆದ ಮೇಲೆ 10ರಲ್ಲಿ ಒಂದು ಹಳ್ಳಿ ಆರಿಸಿ, ಹೊಲಕ್ಕೇ ಇಳಿದು ನೋಡಬೇಕು. ಇಷ್ಟೆಲ್ಲ ಆಗಿ ತಾಲೂಕು 'ತೀವ್ರ ಬರ' ಅಂತ ಬಂದರೆ ಮಾತ್ರ ರಾಷ್ಟ್ರೀಯ ವಿಪತ್ತು ನಿಧಿಯ ಬಾಗಿಲು ತಟ್ಟಬಹುದು. 'ಸಾಧಾರಣ ಬರ' ಅಂತ ಬಂದರೆ ರಾಜ್ಯ ತನ್ನ ಪಾಡು ತಾನು ನೋಡಿಕೊಳ್ಳಬೇಕು. ಕೈಪಿಡಿಯಲ್ಲಿ ವಿಜ್ಞಾನ ಇದೆ, ಅದನ್ನು ಅಲ್ಲಗಳೆಯಲಾರೆ. ಹಿಂದೆ ಕಣ್ಣಂದಾಜಿನಲ್ಲಿ ಬರ ಘೋಷಿಸುತ್ತಿದ್ದ ಕಾಲಕ್ಕಿಂತ ಇದು ವಾಸಿ. ಆದರೆ ಗಮನಿಸಿ, ಒಂದು ಪದದ ಅರ್ಥ ಬದಲಾದರೆ ಸಾವಿರಾರು ಕೋಟಿ ಇತ್ತಿಂದತ್ತ ಆಗುತ್ತದೆ. ಹವಾಮಾನದ ಆಡಳಿತ ಅಂದರೆ ಅರ್ಧ ಇಂಥ ಪದಗಳ ಆಡಳಿತವೇ.

ಇನ್ನು ನಿಮಗೆ ಬಂದಿರಬಹುದಾದ ಮೊತ್ತ. ಮಳೆಯಾಶ್ರಿತ ಬೆಳೆಗೆ ಆಗಿನ ಕೇಂದ್ರದ ದರ ಹೆಕ್ಟೇರಿಗೆ 8,500 ರೂಪಾಯಿ. ಬೆಳೆ ಶೇ 33ಕ್ಕಿಂತ ಕಡಿಮೆ ಹಾಳಾಗಿದ್ದರೆ ಅದೂ ಇಲ್ಲ. ಎರಡು ಹೆಕ್ಟೇರ್ ದಾಟಿದ ಜಮೀನಿಗೆ ಲೆಕ್ಕವಿಲ್ಲ. ನಿಮ್ಮ ನಾಲ್ಕು ಎಕರೆಗೆ ಗುಣಿಸಿದರೆ 14 ಸಾವಿರದೊಳಗೆ. ಬೀಜ, ಗೊಬ್ಬರ, ಉಳುಮೆ, ಆಳು ಎಲ್ಲ ಕೂಡಿಸಿದರೆ ಇದು ಎಲ್ಲಿಗೂ ಸಾಲದು ಅಂತ ನಿಮಗೆ ನಾನು ಹೇಳಬೇಕಿಲ್ಲ. ನಾವು ಬಾಯಿಮಾತಿಗೆ ಪರಿಹಾರ ಅನ್ನುತ್ತೇವೆ. ಕಾಗದದಲ್ಲಿ ಇದರ ಹೆಸರು 'ಇನ್‌ಪುಟ್ ಸಬ್ಸಿಡಿ'. ಅಂದರೆ ಹೋದ ಬೆಳೆಗೆ ಕೊಡುವ ಬೆಲೆ ಅಲ್ಲ, ಮತ್ತೆ ಬಿತ್ತಲು ಕೊಡುವ ಕೈಸಹಾಯ. ಈ ಹೆಸರಿನ ವ್ಯತ್ಯಾಸ ತಿಳಿದಿದ್ದರೆ ಕಚೇರಿಯಲ್ಲಿ ಅರ್ಧ ಜಗಳ ತಪ್ಪುತ್ತದೆ.

ಈ ವ್ಯವಸ್ಥೆ ಯಾಕೆ ಹೀಗಿದೆ? ಇದರ ಬೇರು ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿದೆ. ಅದು ಬಂದದ್ದು 2005ರಲ್ಲಿ, ಸುನಾಮಿಯ ಮರುವರ್ಷ. ಅಲೆ ಬಡಿದಾಗ, ಭೂಮಿ ನಡುಗಿದಾಗ ಜನರನ್ನು ಎತ್ತಿ ತರುವುದು ಅದರ ಕಣ್ಣಮುಂದಿದ್ದ ಚಿತ್ರ. ವರ್ಷಬಿಟ್ಟು ವರ್ಷ ಬರುವ, ನಿಧಾನಕ್ಕೆ ಕೊಲ್ಲುವ ಸಂಗತಿಗಳಿಗೆ ಆ ಅಂಗಿ ಸರಿಹೊಂದುವುದಿಲ್ಲ. ಕೇಂದ್ರದ ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತ, ಪ್ರವಾಹ, ಬರ, ಆಲಿಕಲ್ಲು, ಭೂಕುಸಿತ, ಶೀತಗಾಳಿ ಎಲ್ಲ ಇವೆ. ಬಿಸಿಗಾಳಿಯನ್ನು ಮಾತ್ರ ಬಹಳ ಕಾಲ ಆ ಪಟ್ಟಿಯ ಹೊರಗೇ ಇಟ್ಟರು. ರಾಜ್ಯಗಳು ಬೇಕಿದ್ದರೆ ತಮ್ಮ ವಿಪತ್ತು ನಿಧಿಯ ಶೇ 10ರವರೆಗೆ ಇಂಥ ಸ್ಥಳೀಯ ವಿಪತ್ತಿಗೆ ಬಳಸಿಕೊಳ್ಳಬಹುದು ಅಂದರು. ಚಳಿಗೆ ಸತ್ತರೆ ಒಂದು ಲೆಕ್ಕ, ಬಿಸಿಲಿಗೆ ಸತ್ತರೆ ಇನ್ನೊಂದು ಲೆಕ್ಕ. ರಾಯಚೂರಿನವರಿಗೆ ಇದನ್ನು ವಿವರಿಸುವುದು ಹೇಗೋ ನನಗೆ ತಿಳಿಯದು.

ಒಂದು ಒಳ್ಳೆಯ ಬದಲಾವಣೆಯನ್ನೂ ಹೇಳಬೇಕು. 15ನೇ ಹಣಕಾಸು ಆಯೋಗ 2021ರಿಂದ 26ರ ಅವಧಿಗೆ ರಾಜ್ಯಗಳ ವಿಪತ್ತು ದುಡ್ಡನ್ನು ಎರಡು ಭಾಗ ಮಾಡಿತು. ಶೇ 80 ವಿಪತ್ತು ಬಂದಾಗ ಖರ್ಚಿಗೆ. ಶೇ 20 ವಿಪತ್ತು ಬರುವ ಮುಂಚೆಯೇ ಅದರ ಪೆಟ್ಟು ತಗ್ಗಿಸುವ ಕೆಲಸಕ್ಕೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಅಭ್ಯಾಸಕ್ಕೆ ಇದು ಮೊದಲ ಸಣ್ಣ ತಿದ್ದುಪಡಿ. ಆ ಶೇ 20 ಅನ್ನು ಮರೆಯಬೇಡಿ, ಕೊನೆಯಲ್ಲಿ ನಿಮಗೆ ಬೇಕಾಗುತ್ತದೆ.

ಇನ್ನು ಆ ಯೋಜನಾ ಪುಸ್ತಕಗಳ ಕಥೆ. 2008ರ ಜೂನ್ 30ರಂದು ಪ್ರಧಾನಿ ಮನಮೋಹನ್ ಸಿಂಗ್ ಹವಾಮಾನ ಬದಲಾವಣೆಯ ರಾಷ್ಟ್ರೀಯ ಕ್ರಿಯಾ ಯೋಜನೆ ಬಿಡುಗಡೆ ಮಾಡಿದರು. ಸೌರಶಕ್ತಿ, ಇಂಧನ ಉಳಿತಾಯ, ನಗರ, ನೀರು, ಹಿಮಾಲಯ, ಹಸಿರು, ಕೃಷಿ, ಜ್ಞಾನ ಅಂತ ಎಂಟು ಮಿಷನ್. ಮರುವರ್ಷ ರಾಜ್ಯಗಳಿಗೂ ನೀವೂ ಒಂದೊಂದು ಯೋಜನೆ ಮಾಡಿ ಅಂದರು. ರಾಜ್ಯಗಳು ಮಾಡಿದವು. ಕರ್ನಾಟಕದ್ದನ್ನು ಸಿದ್ಧಪಡಿಸಿದ್ದು ಜೆ.ಪಿ. ನಗರದ ದೊರೆಸಾನಿಪಾಳ್ಯ ಅರಣ್ಯ ಆವರಣದಲ್ಲಿರುವ ಎಂಪ್ರಿ, ಅಂದರೆ ರಾಜ್ಯದ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ. ಆಮೇಲೆ ಅದರ ಪರಿಷ್ಕರಣೆಯೂ ಆಯಿತು. ಓದಿದರೆ ಒಳ್ಳೆಯ ಕೆಲಸವೇ. ಯಾವ ಜಿಲ್ಲೆಯಲ್ಲಿ ಮಳೆ ಹೇಗೆ ಬದಲಾಗಬಹುದು, ಯಾವ ಇಲಾಖೆ ಏನು ಮಾಡಬೇಕು ಎಲ್ಲ ಇದೆ. ಆದರೆ ಬರೆದವರು ಸಂಶೋಧನಾ ಸಂಸ್ಥೆಯವರು. ಅವರು ನೀರಾವರಿ ಇಲಾಖೆಗೆ ಹೋಗಿ, ನಿಮ್ಮ ಬಜೆಟ್ಟನ್ನು ಹೀಗೆ ತಿರುಗಿಸಿ ಅನ್ನಲು ಸಾಧ್ಯವೇ? ಯೋಜನೆ ಇರುವವರ ಕೈಯಲ್ಲಿ ದುಡ್ಡಿಲ್ಲ, ದುಡ್ಡಿರುವವರು ಯೋಜನೆ ಓದಿಲ್ಲ. ನನ್ನ ಉತ್ತರದ ತಿರುಳು ಇಷ್ಟೇ.

ದುಡ್ಡು ಕೊಡುವ ಪ್ರಯತ್ನ ನಡೆಯಲಿಲ್ಲ ಅಂತಲ್ಲ. 2015ರಲ್ಲಿ ಕೇಂದ್ರ 350 ಕೋಟಿ ರೂಪಾಯಿ ತೆಗೆದಿಟ್ಟು, ಹೊಂದಾಣಿಕೆಗಾಗಿ ಅಂತಲೇ ಒಂದು ರಾಷ್ಟ್ರೀಯ ನಿಧಿ ಮಾಡಿತು. ಹೊಂದಾಣಿಕೆ ಅಂದರೆ ಹೊಗೆ ತಗ್ಗಿಸುವುದಲ್ಲ, ಬಂದ ಬಿಸಿಲು-ಬರದ ಜೊತೆ ಬದುಕಲು ತಯಾರಾಗುವುದು. ನಬಾರ್ಡ್ ಅದರ ಉಸ್ತುವಾರಿ. ದೇಶದಲ್ಲಿ ಸುಮಾರು 30 ಯೋಜನೆಗಳಿಗೆ ಅದರಿಂದ ಹಣ ಸಿಕ್ಕಿತು. ಕರ್ನಾಟಕಕ್ಕೆ ಸಿಕ್ಕಿದ್ದು ನಾಡತಳಿ ದನ ಮತ್ತು ಕುರಿಗಳನ್ನು ಉಳಿಸುವ ಯೋಜನೆ. ಬಿಸಿಲು ತಡೆದು ಬದುಕುವ ತಳಿಗಳು ಅಂತ ಆಯ್ಕೆ. ನನಗೆ ಅದು ಇಷ್ಟವಾಗಿತ್ತು. 2022ರ ನವೆಂಬರ್‌ನಲ್ಲಿ ಆ ನಿಧಿಯನ್ನು ಪ್ರತ್ಯೇಕ ಯೋಜನೆಯ ಪಟ್ಟಿಯಿಂದಲೇ ತೆಗೆದರು. 350 ಕೋಟಿಯನ್ನು ಒಂದು ದೇಶಕ್ಕೆ ಹಂಚಿದರೆ ಅದು ಅಕ್ಷತೆ ಹಾಕಿದ ಹಾಗೆ. ಆದರೆ ಆ ಅಕ್ಷತೆಯೂ ನಿಂತಿತು.

ಹಾಗಾದರೆ ನಮ್ಮ ಸರ್ಕಾರಗಳಿಗೆ ಏನೂ ಮಾಡಲು ಬರುವುದಿಲ್ಲವೇ? ಈ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಪಕ್ಕದ ಪಾವಗಡಕ್ಕೆ ಹೋಗಿ ನೋಡಿ. ನೀವು ಹೋಗಿಯೇ ಇರುತ್ತೀರಿ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು. ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ. ಮೊದಲ ಹಂತ 2018ರಲ್ಲೇ ಶುರುವಾಯಿತು. ಅದೇ ಬಿಸಿಲು, ಅದೇ ಬರ, ಅದೇ ಸರ್ಕಾರಿ ವ್ಯವಸ್ಥೆ. ಅಲ್ಲಿ ಯಾಕೆ ಕೆಲಸ ಆಯಿತು?

ಯಾಕಂದರೆ ಆ ಕೆಲಸಕ್ಕೆ ಒಬ್ಬ ಯಜಮಾನ ಇದ್ದ. ಕೇಂದ್ರ ಮತ್ತು ರಾಜ್ಯ ಸೇರಿ 2015ರಲ್ಲಿ ಕರ್ನಾಟಕ ಸೌರಶಕ್ತಿ ಅಭಿವೃದ್ಧಿ ನಿಗಮ ಅಂತ ಕಂಪನಿ ಮಾಡಿದವು. ಅದು ಜಮೀನನ್ನು ಕೊಂಡುಕೊಳ್ಳಲಿಲ್ಲ, ರೈತರಿಂದ 28 ವರ್ಷಕ್ಕೆ ಗುತ್ತಿಗೆ ಹಿಡಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ರಸ್ತೆ, ಸಬ್‌ಸ್ಟೇಷನ್, ಲೈನು ಎಲ್ಲ ನಿಗಮವೇ ಹಾಕಿಸಿ, ಹರಾಜಿನಲ್ಲಿ ಕಂಪನಿಗಳಿಗೆ ಜಾಗ ಕೊಟ್ಟಿತು. ಕರೆಂಟು ಕೊಳ್ಳುವವರು ಯಾರು ಅನ್ನುವುದೂ ಮೊದಲೇ ನಿಗದಿ. ಯಾವ ಕಡತ ಎಲ್ಲಿ ನಿಂತಿದೆ ಅಂತ ಕೇಳಲು ಒಂದೇ ಬಾಗಿಲು. ನಿಮ್ಮ ಹೆಕ್ಟೇರಿಗೆ ಬರದಲ್ಲಿ ಒಮ್ಮೆ 8,500 ಕೊಡಲು ಏಳು ತಿಂಗಳು ತಿಣುಕಿದ ಅದೇ ವ್ಯವಸ್ಥೆ, ಪಕ್ಕದ ತಾಲೂಕಿನಲ್ಲಿ ಎಕರೆಗೆ ವರ್ಷ ವರ್ಷ 21,000 ಸಿಗುವ ಕರಾರು ಮಾಡಿತು. ಎರಡನೆಯದರಲ್ಲಿ ಮಾರಲು ಒಂದು ಸರಕು ಇತ್ತು ಅನ್ನುವುದು ನಿಜ. ಮಾರಲು ಸರಕಿಲ್ಲದ ಕೆಲಸಕ್ಕೆ ಯಜಮಾನ ಹುಟ್ಟುವುದಿಲ್ಲ, ಸರ್ಕಾರವೇ ನೇಮಿಸಬೇಕು.

ಪಾವಗಡದಲ್ಲೂ ಎಲ್ಲರಿಗೂ ಸಮವಾಗಿ ಸಿಗಲಿಲ್ಲ. ಜಮೀನಿದ್ದವರಿಗೆ ಗುತ್ತಿಗೆ ಬಂತು. ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದವರಿಗೆ ಕೂಲಿ ಹೋಯಿತು. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಒಂದು ಕಡೆ ಹವಾಮಾನದ ಹೆಸರಿನಲ್ಲಿ ಕುರಿ ತಳಿ ಉಳಿಸಲು ದುಡ್ಡು, ಇನ್ನೊಂದು ಕಡೆ ಹವಾಮಾನದ ಹೆಸರಿನಲ್ಲೇ ಕುರಿ ಮೇಯುವ ಜಾಗಕ್ಕೆ ಬೇಲಿ. ಎರಡೂ ಸರ್ಕಾರದ್ದೇ. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ಮೇಜು ಎಲ್ಲೂ ಇರಲಿಲ್ಲ.

ದೇಶದ ಮಟ್ಟದಲ್ಲೂ ಕಥೆ ಇದೇ. 2030ಕ್ಕೆ ವಿದ್ಯುತ್ ಸಾಮರ್ಥ್ಯದ ಅರ್ಧ ಕಲ್ಲಿದ್ದಲು-ಅನಿಲ ಬಿಟ್ಟು ಬೇರೆ ಮೂಲದಿಂದ ಬರಬೇಕು ಅಂತ ಭಾರತ ಮಾತು ಕೊಟ್ಟಿತ್ತು. 2025ರ ಮಧ್ಯದಲ್ಲೇ ಆ ಗೆರೆ ದಾಟಿದೆವು. ಸಣ್ಣ ಸಾಧನೆಯಲ್ಲ. ಆದರೆ ಇದು ಸಾಮರ್ಥ್ಯದ ಲೆಕ್ಕ. ನಿಜವಾಗಿ ಹರಿಯುವ ಕರೆಂಟಿನಲ್ಲಿ 10 ಯೂನಿಟ್‌ಗೆ ಸುಮಾರು 7 ಈಗಲೂ ಕಲ್ಲಿದ್ದಲಿನದ್ದೇ, ಯಾಕಂದರೆ ಸೂರ್ಯ ಸಂಜೆ ಮನೆಗೆ ಹೋಗುತ್ತಾನೆ. ಹೊಗೆಯ ಕಡೆ ನಾವು ಮಾತಿನಂತೆ ನಡೆದಿದ್ದೇವೆ, ಬರದ ಕಡೆ ಮಾತನ್ನೇ ಸರಿಯಾಗಿ ಕೊಟ್ಟಿಲ್ಲ ಅಂತ ನನ್ನ ಅನಿಸಿಕೆ.

ದುಡ್ಡು ಇರಲಿಲ್ಲವೇ ಅಂದರೆ, ಇತ್ತು. 2010ರಲ್ಲಿ ಕಲ್ಲಿದ್ದಲಿಗೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿದರು. 2016ರ ಹೊತ್ತಿಗೆ ಅದು 400 ಆಯಿತು. ಶುದ್ಧ ಇಂಧನ ಮತ್ತು ಪರಿಸರಕ್ಕೆ ಅಂತ ಅದಕ್ಕೊಂದು ನಿಧಿ. ಬಡ ದೇಶವೊಂದು ಯಾರೂ ಹೇಳದೆ ತನ್ನ ಹೊಗೆಗೆ ತಾನೇ ದಂಡ ಹಾಕಿಕೊಂಡಿತು ಅಂತ ಹೊರಗಿನವರೂ ಹೊಗಳಿದರು. 2017ರಲ್ಲಿ ಜಿಎಸ್‌ಟಿ ಬಂತು. ಆ ಸೆಸ್ ರಾಜ್ಯಗಳ ತೆರಿಗೆ ನಷ್ಟ ತುಂಬುವ ಸೆಸ್ಸಾಗಿ ಬದಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದೂ ಹೋಗಿ, ಕಲ್ಲಿದ್ದಲು ಶೇ 18ರ ಸಾಮಾನ್ಯ ತೆರಿಗೆಗೆ ಸೇರಿತು. ಯಾರೂ ಇದನ್ನು ಹವಾಮಾನದ ತೀರ್ಮಾನ ಅಂತ ಮಾಡಲಿಲ್ಲ. ತೆರಿಗೆಯವರು ತೆರಿಗೆ ಸರಿಮಾಡಿದರು, ಅಷ್ಟೇ. ಯಜಮಾನ ಇಲ್ಲದ ದುಡ್ಡು ಹೀಗೇ ಕರಗುತ್ತದೆ.

ಕಾನೂನಿನ ಪ್ರಶ್ನೆಗೆ ಬರೋಣ. ಸಂವಿಧಾನದ ಏಳನೇ ಪರಿಚ್ಛೇದದಲ್ಲಿ ಕೇಂದ್ರಕ್ಕೆ ಏನು, ರಾಜ್ಯಕ್ಕೆ ಏನು ಅಂತ ಪಟ್ಟಿ ಇದೆಯಲ್ಲ, ಅಲ್ಲಿ ಹವಾಮಾನ ಬದಲಾವಣೆ ಇಲ್ಲ. 1950ರಲ್ಲಿ ಯಾರಿಗೆ ಗೊತ್ತಿತ್ತು? ಕೃಷಿ, ನೀರು, ಭೂಮಿ ರಾಜ್ಯದ ಪಟ್ಟಿಯಲ್ಲಿವೆ. ವಿದ್ಯುತ್ ಇಬ್ಬರದೂ. ಅರಣ್ಯ 1976ರ ತಿದ್ದುಪಡಿಯಿಂದ ಇಬ್ಬರದೂ ಆಯಿತು. ಹೊರದೇಶಗಳ ಜೊತೆ ಒಪ್ಪಂದ ಕೇಂದ್ರದ್ದು ಮಾತ್ರ. ಹೀಗಾಗಿ ಪ್ಯಾರಿಸ್‌ನಲ್ಲೋ ಗ್ಲಾಸ್ಗೋದಲ್ಲೋ ವಿಶ್ವಸಂಸ್ಥೆಯ ಹವಾಮಾನ ಸಭೆಯಲ್ಲಿ ಮಾತು ಕೊಡುವವರು ಒಬ್ಬರು, ಹೊಲದಲ್ಲಿ ಅದನ್ನು ನಡೆಸಬೇಕಾದವರು ಇನ್ನೊಬ್ಬರು. 2070ಕ್ಕೆ ನಿವ್ವಳ ಶೂನ್ಯ, ಅಂದರೆ ಬಿಡುವಷ್ಟು ಹೊಗೆಯನ್ನು ಹೀರಿಕೊಂಡೂ ತೀರಿಸುವ ಸ್ಥಿತಿ, ಅಂತ 2021ರಲ್ಲಿ ಗ್ಲಾಸ್ಗೋದಲ್ಲಿ ಘೋಷಿಸಿದರು. ಅದರ ಭಾರದಲ್ಲಿ ಯಾವ ರಾಜ್ಯದ ಪಾಲು ಎಷ್ಟು ಅಂತ ಹಂಚುವ ಕಾನೂನು ಇಲ್ಲ.

2024ರಲ್ಲಿ ಸುಪ್ರೀಂ ಕೋರ್ಟ್ ಒಂದು ಹೆಜ್ಜೆ ಮುಂದಿಟ್ಟಿತು. ಅದೂ ಒಂದು ಹಕ್ಕಿಯ ಮೊಕದ್ದಮೆಯಲ್ಲಿ. ನಮ್ಮಲ್ಲಿ ಎರೆಭೂತ ಅನ್ನುವ ದೊಡ್ಡ ಹಕ್ಕಿ, ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆಯಲ್ಲ, ಅದೇ. ರಾಜಸ್ಥಾನ, ಗುಜರಾತ್‌ನಲ್ಲಿ ಸೋಲಾರ್ ಕರೆಂಟಿನ ತಂತಿಗೆ ಬಡಿದು ಅವು ಸಾಯುತ್ತಿದ್ದವು. ತಂತಿಯನ್ನು ನೆಲದೊಳಗೆ ಹಾಕಿ ಅಂತ 2021ರಲ್ಲಿ ಕೋರ್ಟೇ ಹೇಳಿತ್ತು. ಅದು ಆಗದ ಕೆಲಸ ಅಂತ ಸರ್ಕಾರ ಮತ್ತೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರ ಪೀಠ ಆ ಆದೇಶ ಸಡಿಲಿಸುತ್ತಲೇ ಇನ್ನೊಂದು ಮಾತು ಬರೆಯಿತು: ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ಮುಕ್ತರಾಗಿರುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಅಡಕವಾದ ಹಕ್ಕು. ಇದಕ್ಕೆಂದೇ ಒಂದು ಸಮಗ್ರ ಕಾನೂನು ದೇಶದಲ್ಲಿಲ್ಲ ಅನ್ನುವುದನ್ನೂ ಗುರುತಿಸಿತು. ಹಕ್ಕು ಬಂತು. ಆ ಹಕ್ಕನ್ನು ಹಿಡಿದು ಯಾವ ಕಚೇರಿಗೆ ಹೋಗಬೇಕು ಅನ್ನುವುದು ಬರಲಿಲ್ಲ.

ಒಂದು ದೊಡ್ಡ ಕಾಯ್ದೆ ತಂದರೆ ಎಲ್ಲ ಸರಿಹೋಗುತ್ತದೆಯೇ? ನನ್ನ ಕೆಲವು ಗೆಳೆಯರು ಹೌದು ಅನ್ನುತ್ತಾರೆ. ನನಗೆ ಅನುಮಾನ. ನಮ್ಮಲ್ಲಿ ಕಾಯ್ದೆಗಳಿಗೇನು ಬರವಿಲ್ಲ. ಕೀನ್ಯಾ 2016ರಲ್ಲೇ ಇಂಥ ಕಾಯ್ದೆ ಮಾಡಿತು, ದಕ್ಷಿಣ ಆಫ್ರಿಕಾ 2024ರಲ್ಲಿ. ಆದರೆ ಕೀನ್ಯಾದಲ್ಲಿ ನನಗೆ ಹಿಡಿಸಿದ್ದು ದೇಶದ ಕಾಯ್ದೆಯಲ್ಲ. ಅಲ್ಲಿನ ಮಕುಎನಿ ಅನ್ನುವ ಕೌಂಟಿ, ನಮ್ಮ ಜಿಲ್ಲೆ ಇದ್ದ ಹಾಗೆ, ನಿಮ್ಮ ಕಡೆಯಂತೆಯೇ ಒಣ ಸೀಮೆ. ದೇಶದ ಕಾಯ್ದೆಗೂ ಮೊದಲೇ ಅವರು ತಮ್ಮ ಅಭಿವೃದ್ಧಿ ಬಜೆಟ್ಟಿನ ಶೇ 1 ಅನ್ನು ಹವಾಮಾನಕ್ಕೆ ಅಂತ ಕಟ್ಟಿಟ್ಟರು. ಅದರಲ್ಲಿ ದೊಡ್ಡ ಪಾಲನ್ನು ಎಲ್ಲಿ ಖರ್ಚು ಮಾಡಬೇಕು ಅಂತ ಹೇಳುವುದು ವಾರ್ಡಿನ ಜನರೇ ಕೂತ ಸಮಿತಿ. ಅವರು ಆರಿಸಿದ್ದು ಏನು ಗೊತ್ತಾ? ನೀರಿನ ಹೊಂಡ, ಹಳ್ಳಕ್ಕೆ ಮರಳಿನ ಒಡ್ಡು. ನಮ್ಮ ಕೃಷಿಭಾಗ್ಯದ ಹೊಂಡಗಳ ನೆಂಟರೇ.

ಮನೆಗೆ ಹತ್ತಿರದ ಉದಾಹರಣೆ ಬೇಕಾದರೆ ಅಹಮದಾಬಾದ್. 2010ರ ಮೇನಲ್ಲಿ ಅಲ್ಲಿ ಬಿಸಿಗಾಳಿ ಬಂದಾಗ, ಬೇರೆ ವರ್ಷಗಳ ಮೇ ತಿಂಗಳಿಗಿಂತ 1,300ಕ್ಕೂ ಹೆಚ್ಚು ಜನ ಸತ್ತಿದ್ದರು. 2013ರಲ್ಲಿ ನಗರಪಾಲಿಕೆ ಬಿಸಿಗಾಳಿ ಕ್ರಿಯಾ ಯೋಜನೆ ಮಾಡಿತು. ಇಷ್ಟು ಡಿಗ್ರಿ ದಾಟಿದರೆ ಹಳದಿ, ಇಷ್ಟು ದಾಟಿದರೆ ಕೆಂಪು. ಕೆಂಪು ಬಂದ ದಿನ ಯಾರು ಯಾರಿಗೆ ಫೋನ್ ಮಾಡಬೇಕು, ಆಸ್ಪತ್ರೆಯಲ್ಲಿ ಏನಿರಬೇಕು ಎಲ್ಲ ಬರೆದಿಟ್ಟಿದ್ದಾರೆ. ಮುಖ್ಯವಾಗಿ, ಇದಕ್ಕೆ ಹೊಣೆ ಇಂಥ ಅಧಿಕಾರಿ ಅಂತ ಒಬ್ಬರ ಹುದ್ದೆಯನ್ನೇ ಗೊತ್ತುಮಾಡಿದರು. ಖರ್ಚು ತೀರಾ ಕಡಿಮೆ. ತಮಿಳುನಾಡು ಇದನ್ನೇ ದೊಡ್ಡದಾಗಿ ಮಾಡಿದೆ. ಹವಾಮಾನದ ಕೆಲಸಕ್ಕೆ ಒಂದು ಸರ್ಕಾರಿ ಕಂಪನಿ, ಮೇಲೆ ಮುಖ್ಯಮಂತ್ರಿಗಳ ಸಮಿತಿ, ಕೆಳಗೆ ಪ್ರತಿ ಜಿಲ್ಲೆಯಲ್ಲೂ ಕಲೆಕ್ಟರೇ ಹವಾಮಾನ ಮಿಷನ್ನಿನ ಮುಖ್ಯಸ್ಥರು. ಫಲ ಎಷ್ಟು ಅಂತ ಹೇಳಲು ಇನ್ನೂ ಕಾಲ ಬೇಕು. ಆದರೆ ಅಲ್ಲಿ ನಿಮ್ಮಂಥ ರೈತ ಕೇಳಿದರೆ ಬೆರಳು ತೋರಿಸಲು ಒಬ್ಬ ವ್ಯಕ್ತಿಯಾದರೂ ಇದ್ದಾರೆ.

'ನಮ್ಮಂಥ ದೇಶಕ್ಕೆ ಶಕ್ತಿ ಇದೆಯೇ' ಅಂತ ಕೇಳಿದಿರಿ. ಒಬ್ಬ ಭಾರತೀಯನ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದವನದು 14ರ ಆಸುಪಾಸು. ಶ್ರೀಮಂತ ದೇಶಗಳು ಹವಾಮಾನದ ಕೆಲಸಕ್ಕೆ ನಮ್ಮಂಥ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಕೂಡಿಸಿ ಕೊಡುತ್ತೇವೆ ಅಂತ 2009ರಲ್ಲಿ ಹೇಳಿದ್ದವು, ಗಡುವು 2020. ಮುಟ್ಟಿದ್ದು 2022ರಲ್ಲಿ, ಅದರಲ್ಲೂ ಬಹುಪಾಲು ಸಾಲ. 2024ರಲ್ಲಿ ಬಾಕು ನಗರದ ಹವಾಮಾನ ಸಭೆಯಲ್ಲಿ ಅದನ್ನು 30,000 ಕೋಟಿ ಡಾಲರ್‌ಗೆ ಏರಿಸಿದರು, 2035ರ ಹೊತ್ತಿಗೆ. ಭಾರತ ಅಲ್ಲೇ ಎದ್ದು ನಿಂತು ಒಪ್ಪುವುದಿಲ್ಲ ಅಂದಿತು. ಸರಿಯಾಗಿಯೇ ಅಂದಿತು. ಆದರೆ ಒಂದು ಮಾತು ಕೇಳಿ. ದೆಹಲಿಯು ಬಾಕುವಿನಲ್ಲಿ ಏನು ವಾದ ಮಾಡುತ್ತದೋ, ಬೆಂಗಳೂರು ದೆಹಲಿಯಲ್ಲಿ ಅದೇ ವಾದ ಮಾಡುತ್ತದೆ. ತಪ್ಪು ನಮ್ಮದಲ್ಲ, ಪೆಟ್ಟು ನಮಗೆ, ದುಡ್ಡು ನಿಮ್ಮಲ್ಲಿದೆ. ನಿಮ್ಮ ಗ್ರಾಮ ಪಂಚಾಯಿತಿ ಬೆಂಗಳೂರಿಗೆ ಹೇಳಬೇಕಾದದ್ದೂ ಅದನ್ನೇ ಅಲ್ವಾ? ಅದನ್ನು ಮಾತ್ರ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಶಕ್ತಿಯ ವಿಷಯದಲ್ಲಿ ನಮಗೆ ಕೀಳರಿಮೆ ಬೇಡ. ಬರವನ್ನು ದಿನದಿನ ಗಮನಿಸಲು ಅಂತ 1988ರಲ್ಲೇ ಕರ್ನಾಟಕ ಒಂದು ಕೋಶ ತೆರೆಯಿತು. ದೇಶದಲ್ಲೇ ಮೊದಲು. ಅದೇ ಬೆಳೆದು ಇವತ್ತಿನ ಯಲಹಂಕದ ವಿಕೋಪ ಉಸ್ತುವಾರಿ ಕೇಂದ್ರ ಆಗಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಅದರ ಮಳೆಮಾಪಕಗಳಿವೆ, ಒಟ್ಟು ಆರು ಸಾವಿರಕ್ಕೂ ಹೆಚ್ಚು. ನಿಮ್ಮ ಹೋಬಳಿಯಲ್ಲಿ ಜುಲೈ ಮೂರನೇ ವಾರ ಎಷ್ಟು ಮಿಲಿಮೀಟರ್ ಬಿತ್ತು ಅಂತ ಅಲ್ಲಿ ಇದೆ. ಆ ಅಂಕಿ ಹಿಡಿದು ಕೂಡಲೇ ದುಡ್ಡು ಬಿಡುವ ಅಧಿಕಾರ ಮಾತ್ರ ಅವರಿಗಿಲ್ಲ.

ಇನ್ನು ನೀವು ಮಾಡಬಹುದಾದ ಕೆಲಸ. ಮೊದಲು ನಿಮ್ಮ ನಾಲ್ಕು ಎಕರೆಯ ಸರ್ವೆ ನಂಬರ್‌ಗಳೆಲ್ಲ ಫ್ರೂಟ್ಸ್‌ನಲ್ಲಿ, ಅಂದರೆ ರಾಜ್ಯದ ರೈತ ನೋಂದಣಿ ತಂತ್ರಾಂಶದಲ್ಲಿ, ಸೇರಿವೆಯಾ ನೋಡಿಕೊಳ್ಳಿ. ರಾಜ್ಯದಲ್ಲಿ ಬರದ ದುಡ್ಡು ಹೋಗುವುದು ಆ ನೋಂದಣಿ ಹಿಡಿದೇ. ಒಂದು ನಂಬರ್ ಬಿಟ್ಟುಹೋಗಿದ್ದರೆ ಅಷ್ಟು ಗುಂಟೆಯ ದುಡ್ಡು ಬಿಟ್ಟುಹೋಯಿತು ಅಂತಲೇ ಲೆಕ್ಕ. ಬೆಳೆ ಸಮೀಕ್ಷೆಯಲ್ಲಿ ಶೇಂಗಾ ಬದಲು ಬೇರೇನೋ ಬರೆದಿದ್ದರೆ ಬೆಳೆ ದರ್ಶಕ ಆ್ಯಪ್‌ನಲ್ಲಿ ಆಕ್ಷೇಪಣೆ ಹಾಕಲು ಅವಕಾಶ ಇದೆ. ಹಂಗಾಮು ಮುಗಿಯುವ ಮುಂಚೆ ಹಾಕಬೇಕು, ಬರ ಘೋಷಣೆಗೆ ಕಾಯಬೇಡಿ.

ಆಮೇಲೆ ಒಂದು ಮಾಹಿತಿ ಹಕ್ಕು ಅರ್ಜಿ. ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ವಿಪತ್ತು ಪ್ರಾಧಿಕಾರ ಇರಬೇಕು, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಅದು ಜಿಲ್ಲಾ ಯೋಜನೆ ಮಾಡಬೇಕು, ವರ್ಷ ವರ್ಷ ತಿದ್ದಬೇಕು. ಆ ಯೋಜನೆಯ ಪ್ರತಿ ಕೇಳಿ. ನಾನು ಮೇಲೆ ಹೇಳಿದ ಶೇ 20ರ ಹಣದಲ್ಲಿ ನಿಮ್ಮ ತಾಲೂಕಿಗೆ ಯಾವ ಕೆಲಸಕ್ಕೆ ಎಷ್ಟು ಬಂತು ಅಂತಲೂ ಅದೇ ಅರ್ಜಿಯಲ್ಲಿ ಕೇಳಿ. ಉತ್ತರದಲ್ಲಿ ಕೆರೆಯ ಹೆಸರೋ ಹಳ್ಳದ ಹೆಸರೋ ಇದ್ದರೆ ಒಳ್ಳೆಯದು, ಹೋಗಿ ನೋಡಿಕೊಂಡು ಬನ್ನಿ. ಖಾಲಿ ಬಂದರೆ ಆ ಕಾಗದವನ್ನು ಮುಂದಿನ ಗ್ರಾಮಸಭೆಗೆ ಒಯ್ದು, ಯಾವ ಕೆರೆಗೆ ಬೇಕು ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲನ್ನು ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.